ಒಂದೂಕಾಲು ಸೆಕೆಂಡಿನ ಹಾಡು, 360 ಸ್ಪೀಕರ್ ಪೆಟ್ಟಿಗೆ

ಒಂದು ಹಾಡಿನ ಶುರುವಿಗೆ ಗಂಟೆಯ ಸದ್ದು ಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಎಲ್ಲೋ ಮುದ್ರಿಸಿಟ್ಟ ಗಂಟೆಯ ದನಿ ತಂದು ಅಂಟಿಸಿ ಕೈತೊಳೆದುಕೊಳ್ಳುತ್ತಿದ್ದರು. ಆಸ್ಟ್ರೇಲಿಯಾದ ಎಸಿ/ಡಿಸಿ ತಂಡ ಗಂಟೆಯನ್ನೇ ಎರಕ ಹೊಯ್ಯಿಸಿತು. ಇಂಗ್ಲೆಂಡಿನ ಲಫ್‌ಬರೋ ಊರಿನ ಜಾನ್ ಟೇಲರ್ ಎರಕಶಾಲೆಯಲ್ಲಿ 1980ರಲ್ಲಿ ತಯಾರಾದ ಆ ಕಂಚಿನ ಗಂಟೆಯ ತೂಕ 2,000 ಪೌಂಡ್, ಅಂದರೆ 900 ಕಿಲೋ ದಾಟಿತ್ತು. ಮೈಸೂರು ದಸರೆಯ ಅಂಬಾರಿ 750 ಕಿಲೋ. ವರ್ಷಕ್ಕೊಂದು ದಿನ ಅದನ್ನು ಹೊರುವುದಕ್ಕೇ ಆನೆಗೆ ವಾರಗಟ್ಟಲೆ ತಾಲೀಮು. ಇವರು ಅದಕ್ಕಿಂತ ಭಾರದ್ದನ್ನು ಊರಿಂದೂರಿಗೆ ಸಾಗಿಸಿ, ವೇದಿಕೆಯ ಮೇಲೆ ತೂಗುಹಾಕಿ, ಗಾಯಕನ ಕೈಗೆ ಸುತ್ತಿಗೆ ಕೊಟ್ಟರು. ಮೊದಲು ಅದೇ ಊರಿನ ಯುದ್ಧ ಸ್ಮಾರಕದ ಗೋಪುರದಲ್ಲಿರುವ ಇನ್ನೂ ದೊಡ್ಡ ಗಂಟೆಯ ಸದ್ದು ಹಿಡಿಯಲು ಹೋಗಿದ್ದರಂತೆ. ಒಂದೊಂದು ಏಟಿಗೂ ಪಾರಿವಾಳಗಳು ಪಟಪಟನೆ ಹಾರಿ ಟೇಪ್ ಕೆಡಿಸಿದವು. ಕೊನೆಗೆ ತಮ್ಮ ಗಂಟೆ ಎರಕಶಾಲೆಯಲ್ಲಿರುವಾಗಲೇ ಅದರ ಮುಂದೆ ಮೈಕ್ ನಿಲ್ಲಿಸಿದರು.

ಆ ಗಂಟೆ ಮೊಳಗಿದ್ದು ತೀರಿಹೋದ ಗೆಳೆಯನಿಗಾಗಿ. ತಂಡದ ಗಾಯಕ ಬಾನ್ ಸ್ಕಾಟ್ ಸತ್ತದ್ದು 1980ರ ಫೆಬ್ರವರಿ 19ರಂದು. ಹೊಸ ಗಾಯಕ ಬ್ರಯಾನ್ ಜಾನ್ಸನ್ ಅವರನ್ನು ಹುಡುಕಿ, ಬಹಾಮಾ ದ್ವೀಪಕ್ಕೆ ಹೋಗಿ, ಹಾಡು ಕಟ್ಟಿ, ನುಡಿಸಿ, ಮುದ್ರಿಸಿ, ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಂ ಅಂಗಡಿಗೆ ಬಂದದ್ದು ಜುಲೈ 25ರಂದು. ನಡುವೆ 157 ದಿನ! ವರ್ಷಾಬ್ದಿಕಕ್ಕೆ ಇನ್ನೂ ಏಳು ತಿಂಗಳಿರುವಾಗಲೇ ಹೊಸ ಕಂಠದಲ್ಲಿ ಹತ್ತು ಹಾಡು ಸಿದ್ಧ. ಅದು ಈವರೆಗೆ ಜಗತ್ತಿನಾದ್ಯಂತ ಮಾರಾಟವಾದದ್ದು ಸುಮಾರು 5 ಕೋಟಿ ಪ್ರತಿ ಎಂಬ ಅಂದಾಜಿದೆ. ಐದು ಕೋಟಿಯೂ ಎಲ್‌ಪಿ ತಟ್ಟೆಗಳೇ ಎಂದುಕೊಂಡು ಅಂಚಿಗಂಚು ತಾಗಿಸಿ ಸಾಲಾಗಿ ಜೋಡಿಸುತ್ತ ಹೋದರೆ 15,000 ಕಿ.ಮೀ. ಬೆಂಗಳೂರಿನಿಂದ ಹೊರಟ ಸಾಲು ನ್ಯೂಯಾರ್ಕ್ ಮುಟ್ಟಿದ ಮೇಲೂ ಇನ್ನೂ ಸಾವಿರದೈನೂರು ಕಿ.ಮೀ. ಆಗುವಷ್ಟು ತಟ್ಟೆ ಕೈಯಲ್ಲಿ ಉಳಿಯುತ್ತದೆ. ಆಲ್ಬಮ್ಮಿನ ಉದ್ದ 42 ನಿಮಿಷ. ಮಾರಾಟವಾದ ಒಂದೊಂದು ಪ್ರತಿಯನ್ನೂ ಒಂದೇ ಒಂದು ಸಲ, ಒಂದರ ಹಿಂದೊಂದು, ಊಟ ನಿದ್ದೆ ಬಿಟ್ಟು ಕೇಳುತ್ತ ಕೂತರೆ ಮುಗಿಯಲು ಸುಮಾರು 4,000 ವರ್ಷ. ಇವತ್ತು ಸಂಜೆಗೆ ಕೊನೆಯ ಪ್ರತಿ ಮುಗಿಯಬೇಕಿದ್ದರೆ ಹರಪ್ಪದ ಜನ ಊರು ಬಿಡುವ ಮೊದಲೇ ಕೇಳಲು ಕೂರಬೇಕಿತ್ತು.

ಎಂಬತ್ತರ ದಶಕದ ಹೆವಿ ಮೆಟಲ್ ಹೀಗೆಯೇ. ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ವ್ಯಾಟ್‌ಗಳಲ್ಲಿ ಅಳೆಯುತ್ತೇನೆಂದು ಹೊರಟರೆ ಜನ ನಕ್ಕಾರು, ಧಾರವಾಡದವರಂತೂ ಮನೆಗೇ ಸೇರಿಸರು. ಮೆಟಲ್ ತಂಡಗಳು ತಾವೇ ಅಳತೆಪಟ್ಟಿ ಹಿಡಿದುಕೊಂಡು ಬಂದವು. ಎಷ್ಟು ಜೋರು, ಎಷ್ಟು ವೇಗ, ಎಷ್ಟು ಲಾರಿ, ಎಷ್ಟು ಜನ, ಎಷ್ಟು ದಿನ? ಈ ಸಂಗೀತದಲ್ಲಿ ಗಿಟಾರು, ಡ್ರಮ್ಮುಗಳ ಜೊತೆಗೆ ಅಂಕಿಯೂ ಒಂದು ವಾದ್ಯ ಎಂದೇ ನನ್ನ ನಂಬಿಕೆ. ಕೇಳುವವರಿಗೂ ಅದೇ ಬೇಕಿತ್ತು. 1983ರಲ್ಲಿ ಅಮೆರಿಕದ ಧ್ವನಿಮುದ್ರಿಕೆ ಮಾರಾಟದಲ್ಲಿ ಮೆಟಲ್ ಪಾಲು ಶೇ 8. ಮರುವರ್ಷ ಶೇ 20. ಹನ್ನೆರಡರಲ್ಲಿ ಒಂದು ಎನ್ನುವಂತಿದ್ದದ್ದು ಒಂದೇ ವರ್ಷದಲ್ಲಿ ಐದರಲ್ಲಿ ಒಂದು. ಕ್ವಯೆಟ್ ರಯಟ್ ತಂಡದ ‘ಮೆಟಲ್ ಹೆಲ್ತ್’ 1983ರ ನವೆಂಬರಿನಲ್ಲಿ ಅಮೆರಿಕದ ಆಲ್ಬಂ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಲ್ಲಿಯವರೆಗೆ ಯಾವ ಹೆವಿ ಮೆಟಲ್ ಆಲ್ಬಮ್ಮೂ ಆ ಮೆಟ್ಟಿಲು ಹತ್ತಿರಲಿಲ್ಲ. ವಿರೋಧಿಗಳೂ ಎಣಿಸಲು ಕೂತರು. ಮಕ್ಕಳು ಹಾಳಾಗುತ್ತಾರೆಂದು ವಾಷಿಂಗ್ಟನ್ನಿನ ಪ್ರಭಾವಿ ಗೃಹಿಣಿಯರು 1985ರಲ್ಲಿ ತಯಾರಿಸಿದ ‘ಹೊಲಸು ಹಾಡು’ಗಳ ಪಟ್ಟಿಯಲ್ಲಿ ಹದಿನೈದು ಹಾಡು. ಅವುಗಳಲ್ಲಿ ಒಂಬತ್ತು ಮೆಟಲ್‌ನವು. ಅಂಥ ಪಟ್ಟಿಯಿಂದ ಮಾರಾಟ ಇಳಿದೀತೇ?

ಈಗ ‘ಹಿಸ್ಟೀರಿಯಾ’ದ ಲೆಕ್ಕಕ್ಕೆ ಬನ್ನಿ. ನನಗೆ ಈ ದಶಕದ ಅತ್ಯಂತ ಹುಚ್ಚು ಲೆಕ್ಕ ಇದೇ. ಇಂಗ್ಲೆಂಡಿನ ಶೆಫೀಲ್ಡಿನ ಡೆಫ್ ಲೆಪರ್ಡ್ ತಂಡ 1984ರ ಆರಂಭದಲ್ಲಿ ಈ ಆಲ್ಬಮ್ಮಿಗೆ ಕೈಹಾಕಿತು. ಅಂಗಡಿಗೆ ಬಂದದ್ದು 1987ರ ಆಗಸ್ಟ್ 3ರಂದು. ಕೆಲಸ ನಡೆದದ್ದು ಮೂರು ವರ್ಷ, ಕೈಗೆ ಬಂದ ಸಂಗೀತ 62 ನಿಮಿಷ. ಭಾಗಿಸಿ ನೋಡಿ, ಒಂದೊಂದು ನಿಮಿಷದ ಸಂಗೀತಕ್ಕೆ ಹದಿನೇಳೂವರೆ ದಿನ! ನೀವು ಆ ಆಲ್ಬಮ್ಮಿನ ಹತ್ತು ಸೆಕೆಂಡು ಕೇಳಿ ಬೇಸರವಾಗಿ ಬಂದ್ ಮಾಡಿದಿರಿ ಎನ್ನಿ. ಯಾರದೋ ಮೂರು ದಿನವನ್ನು ಬಂದ್ ಮಾಡಿದಿರಿ. ಇದೇ ಪ್ರಕಾರದ ಮೂಲಪುರುಷರಾದ ಬ್ಲ್ಯಾಕ್ ಸಬ್ಬತ್ ತಂಡ ತಮ್ಮ ಮೊದಲ ಆಲ್ಬಮ್ಮನ್ನು 1969ರ ಅಕ್ಟೋಬರಿನ ಒಂದೇ ದಿನದಲ್ಲಿ ಮುದ್ರಿಸಿ ಮನೆಗೆ ಹೋಗಿತ್ತು. ಆ ಲೆಕ್ಕದಲ್ಲಿ ‘ಹಿಸ್ಟೀರಿಯಾ’ ತಿಂದ ಸಮಯದಲ್ಲಿ ಸಾವಿರಕ್ಕೂ ಹೆಚ್ಚು ಆಲ್ಬಂ ಆಗಬೇಕಿತ್ತು.

ಅಷ್ಟು ದಿನ ಏನು ಮಾಡುತ್ತಿದ್ದರು ಎಂದರೆ, ನಿರ್ಮಾಪಕ ಮಟ್ ಲ್ಯಾಂಗ್ ಗಿಟಾರಿನ ಕೆಲವು ಕಾರ್ಡ್‌ಗಳನ್ನು ಒಂದೊಂದೇ ತಂತಿ ನುಡಿಸಿ ಬೇರೆಬೇರೆಯಾಗಿ ಮುದ್ರಿಸಿ ಆಮೇಲೆ ಕೂಡಿಸುತ್ತಿದ್ದರು. ಒಂದು ಸಲ ಕೈಯಾಡಿಸಿದರೆ ಅರೆಕ್ಷಣದಲ್ಲಿ ಮೊಳಗುವುದನ್ನು ತಂತಿ ತಂತಿಯಾಗಿ ಬಿಡಿಸಿ, ಪ್ರತಿಯೊಂದೂ ಚೊಕ್ಕವಾಗಿ ಬರುವತನಕ ಮತ್ತೆ ಮತ್ತೆ ನುಡಿಸಿ ಹೆಣೆಯುವ ಕೆಲಸ. ‘ಬ್ಯಾಕ್ ಇನ್ ಬ್ಲ್ಯಾಕ್’ ಆಲ್ಬಮ್ಮನ್ನು ಏಳು ವಾರದೊಳಗೆ ಮುಗಿಸಿಕೊಟ್ಟವರೂ ಇದೇ ಮನುಷ್ಯ ಎಂದರೆ ನಂಬುವುದು ಕಷ್ಟ.

ಆ ಮೂರು ವರ್ಷದ ನಡುವೆ, 1984ರ ಡಿಸೆಂಬರ್ 31ರಂದು, ತಂಡದ ಡ್ರಮ್ಮರ್ ರಿಕ್ ಆ್ಯಲನ್ ಕಾರು ಅಪಘಾತದಲ್ಲಿ ಎಡಗೈ ಕಳೆದುಕೊಂಡರು. ವಯಸ್ಸು 21. ಡ್ರಮ್ ನುಡಿಸಲು ಎರಡು ಕೈ, ಎರಡು ಕಾಲು ಬೇಕು. ನಾಲ್ಕರಲ್ಲಿ ಒಂದು ಹೋಯಿತು. ತಂಡ ಬೇರೆಯವರನ್ನು ಹುಡುಕಲಿಲ್ಲ, ಕಾದಿತು. ಎಡಗೈ ಮಾಡುತ್ತಿದ್ದ ಕೆಲಸವನ್ನೆಲ್ಲ ಎಡಗಾಲಿನ ಪೆಡಲುಗಳಿಗೆ ವಹಿಸಿದ ಎಲೆಕ್ಟ್ರಾನಿಕ್ ಡ್ರಮ್ ಸೆಟ್ ಮಾಡಿಸಿಕೊಂಡು ಆ್ಯಲನ್ 1986ರ ಆಗಸ್ಟಿನಲ್ಲಿ ಡೋನಿಂಗ್ಟನ್ ಮೈದಾನದ ಜನಸಾಗರದೆದುರು ಬಂದು ಕೂತರು. ಆಲ್ಬಮ್ಮಿನ ಖರ್ಚು ಎಷ್ಟಾಗಿತ್ತೆಂದರೆ, ಹಾಕಿದ ದುಡ್ಡು ವಾಪಸು ಬರಬೇಕಾದರೆ 50 ಲಕ್ಷ ಪ್ರತಿ ಮಾರಾಟವಾಗಬೇಕಿತ್ತಂತೆ. ಮಾರಾಟವಾದದ್ದು 2 ಕೋಟಿಗೂ ಮೇಲೆ. ಹನ್ನೆರಡು ಹಾಡುಗಳಲ್ಲಿ ಏಳನ್ನು ಬಿಡಿಬಿಡಿಯಾಗಿಯೂ ಮಾರಿದರು. ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಲು ಆಲ್ಬಂ ತೆಗೆದುಕೊಂಡದ್ದು 49 ವಾರ. ತಯಾರಾಗುವುದರಲ್ಲೂ ನಿಧಾನ, ಏರುವುದರಲ್ಲೂ ನಿಧಾನ, ಇಳಿಯಲಂತೂ ಮನಸ್ಸೇ ಇರಲಿಲ್ಲ.

ಇದು ನಿಧಾನದ ದಾಖಲೆ. ಅತ್ತ ಕ್ಯಾಲಿಫೋರ್ನಿಯಾದಲ್ಲಿ ವೇಗದ ಹುಚ್ಚು ಹಿಡಿದಿತ್ತು. ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡು 1986ರದ್ದು, ನಿಮಿಷಕ್ಕೆ 212 ತಾಳದ ಆಸುಪಾಸಿನಲ್ಲಿ ಓಡುತ್ತದೆ. ಸುಮ್ಮನೆ ಕೂತ ಮನುಷ್ಯನ ಎದೆಬಡಿತ ನಿಮಿಷಕ್ಕೆ 72. ಸಾಮಾನ್ಯವಾಗಿ ಗಿಟಾರ್ ನುಡಿಸುವವರು ವೇಗ ಬೇಕಾದಾಗ ಪಿಕ್ಕನ್ನು ಕೆಳಕ್ಕೊಮ್ಮೆ ಮೇಲಕ್ಕೊಮ್ಮೆ ತಂತಿಗೆ ತಾಗಿಸಿ ಅರ್ಧ ಶ್ರಮ ಉಳಿಸುತ್ತಾರೆ. ಮೆಟಾಲಿಕಾದ ಗಿಟಾರಿಗ ಜೇಮ್ಸ್ ಹೆಟ್‌ಫೀಲ್ಡ್ ಅವರಿಗೆ ಆ ಉಳಿತಾಯ ಬೇಡ. ಅಂಗೈ ಅಂಚನ್ನು ತಂತಿಗೆ ಒತ್ತಿಹಿಡಿದು, ಕೆಳಮುಖವಾಗಿಯೇ ಹೊಡೆಯುತ್ತಾರೆ. ತಾಳಕ್ಕೆರಡರಂತೆ ನಿಮಿಷಕ್ಕೆ 424 ಹೊಡೆತ, ಅಂದರೆ ಸೆಕೆಂಡಿಗೆ ಏಳು. ಪ್ರತಿ ಹೊಡೆತಕ್ಕೂ ಕೈ ಮತ್ತೆ ಮೇಲೇಳಲೇಬೇಕಲ್ಲ, ಅದನ್ನೂ ಎಣಿಸಿದರೆ ಹದಿನಾಲ್ಕು. ಗೋಡೆ ಗಡಿಯಾರದ ಮುಳ್ಳು ಒಂದು ಸಲ ಟಿಕ್ ಎನ್ನುವಷ್ಟರಲ್ಲಿ ಮಣಿಕಟ್ಟು ಹದಿನಾಲ್ಕು ಸಲ ಆಡಿರುತ್ತದೆ. ಹಾಡಿನ ಉದ್ದ ಎಂಟೂವರೆ ನಿಮಿಷ. ನಡುವೆ ಒಂದು ನಿಧಾನದ ಭಾಗ ಬರುತ್ತದೆ, ಪುಣ್ಯ.

ಅದೇ ವರ್ಷ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’ ಬಂತು. ಹತ್ತು ಹಾಡು, 29 ನಿಮಿಷ. ಮೆಟಾಲಿಕಾ ‘ಮಾಸ್ಟರ್ ಆಫ್ ಪಪೆಟ್ಸ್’ ಆಲ್ಬಮ್ಮಿನ ಎಂಟು ಹಾಡಿಗೆ 54 ನಿಮಿಷ ತೆಗೆದುಕೊಂಡಲ್ಲಿ ಇವರು ಇನ್ನೂ ಎರಡು ಹಾಡು ಜಾಸ್ತಿ ಸೇರಿಸಿ ಹೆಚ್ಚೂಕಮ್ಮಿ ಅರ್ಧ ಸಮಯದಲ್ಲಿ ಮುಗಿಸಿದರು. ಕ್ಯಾಸೆಟ್ಟಿನ ಒಂದೇ ಬದಿಯಲ್ಲಿ ಇಡೀ ಆಲ್ಬಂ ಹಿಡಿಸಿತು. ಇನ್ನೊಂದು ಬದಿಗೆ ಏನು ಹಾಕುವುದು? ಅದೇ ಆಲ್ಬಮ್ಮನ್ನು ಮತ್ತೊಮ್ಮೆ ಹಾಕಿದರು! ಕೊಂಡವನಿಗೆ ಒಂದರ ದುಡ್ಡಿಗೆ ಎರಡು. ಟೇಪ್ ಹಿಂದಕ್ಕೆ ಸುತ್ತುವ ಕೆಲಸವೂ ಇಲ್ಲ, ಮಗುಚಿ ಹಾಕಿದರೆ ಸಾಕು, ಮತ್ತೆ ಮೊದಲಿಂದ.

ಸ್ಲೇಯರ್ ಅವಸರವೇ ಹೆಚ್ಚಾಯಿತು ಅನ್ನಿಸಿದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಡೆಯ ನೇಪಾಮ್ ಡೆತ್ ತಂಡವನ್ನು ನೋಡಿ. 1987ರ ‘ಸ್ಕಮ್’ ಆಲ್ಬಮ್ಮಿನಲ್ಲಿ 28 ಹಾಡು, ಒಟ್ಟು 33 ನಿಮಿಷ. ಅದರಲ್ಲೊಂದು ‘ಯು ಸಫರ್’. ಉದ್ದ 1.316 ಸೆಕೆಂಡು. ಜಗತ್ತಿನ ಅತಿ ಚಿಕ್ಕ ಹಾಡು ಎಂದು ಗಿನ್ನೆಸ್ ದಾಖಲೆ ಪುಸ್ತಕ ಒಪ್ಪಿಕೊಂಡಿದೆ. ಅದಕ್ಕೆ ಸಾಹಿತ್ಯವೂ ಇದೆ, ಆದಿ ಅಂತ್ಯಗಳೂ ಇವೆ, ಹೆಸರು ಹೇಳಲು ಹಿಡಿಯುವಷ್ಟು ಹೊತ್ತಿನಲ್ಲಿ ಹಾಡೇ ಮುಗಿದಿರುತ್ತದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ವೇದಿಕೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ಒಬ್ಬ ನಿಂತಿದ್ದಾನೆ ಎನ್ನಿ. ಹಾಡಿನ ಮೊದಲ ಸದ್ದು ಅವನ ಕಿವಿ ತಲುಪುವ ಮೊದಲೇ ವೇದಿಕೆಯ ಮೇಲೆ ಹಾಡು ಮುಗಿದು ತಂಡ ಬೆವರು ಒರೆಸಿಕೊಳ್ಳುತ್ತಿರುತ್ತದೆ. ಇಡೀ ಹಾಡು, ಮೊದಲಿನಿಂದ ಕೊನೆಯವರೆಗೆ, ಮೈದಾನದ ಗಾಳಿಯಲ್ಲಿ ತೇಲುತ್ತ ಅವನ ಕಡೆಗೆ ಬರುತ್ತಿರುತ್ತದೆ! ಹೋಲಿಕೆಗೆ ಐರನ್ ಮೇಡನ್ ತಂಡ 1984ರಲ್ಲಿ ಕೋಲ್‌ರಿಜ್‌ನ ‘ಮುದಿ ನಾವಿಕ’ನ ಕವನವನ್ನು ಆಧರಿಸಿ ಮಾಡಿದ ಹಾಡನ್ನು ತೆಗೆದುಕೊಳ್ಳಿ, ಹದಿಮೂರೂವರೆ ನಿಮಿಷಕ್ಕೂ ಉದ್ದ. ಅದರ ಹೊಟ್ಟೆಯೊಳಗೆ ‘ಯು ಸಫರ್’ ಆರುನೂರಕ್ಕೂ ಹೆಚ್ಚು ಸಲ ಹಿಡಿಸುತ್ತದೆ. ಎರಡೂ ಒಂದೇ ದೇಶದ, ಒಂದೇ ದಶಕದ ಸರಕು.

ಇನ್ನು ಸದ್ದು. ಮಾರ್ಷಲ್ ಕಂಪನಿಯ 100 ವ್ಯಾಟ್ ಆಂಪ್ಲಿಫಯರ್, ಅದರಡಿಗೆ ಒಂದರ ಮೇಲೊಂದು ಎರಡು ಪೆಟ್ಟಿಗೆ, ಪೆಟ್ಟಿಗೆಗೆ ನಾಲ್ಕರಂತೆ 12 ಇಂಚಿನ ಎಂಟು ಸ್ಪೀಕರ್: ಇದು ಒಬ್ಬ ಗಿಟಾರಿಗನ ಒಂದು ‘ಸ್ಟ್ಯಾಕ್’. ಮನೆಯಲ್ಲಿ ಹಚ್ಚಿದರೆ ಪಕ್ಕದ ಬೀದಿಯವರು ಬಂದು ಜಗಳವಾಡಬೇಕು. ಮೆಟಲ್‌ನವರಿಗೆ ಅದು ಆರಂಭ. 1984ರ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ಎಂಬ ಅಣಕು ಸಿನಿಮಾದಲ್ಲಿ ಗಿಟಾರಿಗನೊಬ್ಬ ತನ್ನ ಆಂಪ್ಲಿಫಯರಿನ ತಿರುಗಣೆ ಹತ್ತರ ಬದಲು ಹನ್ನೊಂದರವರೆಗೆ ಹೋಗುತ್ತದೆಂದು ಕೊಚ್ಚಿಕೊಳ್ಳುತ್ತಾನೆ. ಜನ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. 1990ರಲ್ಲಿ ಮಾರ್ಷಲ್ ಕಂಪನಿಯೇ ತಿರುಗಣೆ ಇಪ್ಪತ್ತರವರೆಗೆ ಹೋಗುವ ಅಸಲಿ ಆಂಪ್ಲಿಫಯರ್ ಮಾರುಕಟ್ಟೆಗೆ ಬಿಟ್ಟಿತು! ಅಣಕಿಸಲು ಹೋದವರಿಗೇ ಹೀಗಾದರೆ ಯಾರನ್ನು ನಂಬುವುದು? ಅಮೆರಿಕದ ಮ್ಯಾನೋವರ್ ತಂಡ 1984ರಲ್ಲಿ ಜಗತ್ತಿನ ಅತಿ ಜೋರಿನ ತಂಡವೆಂದು ಗಿನ್ನೆಸ್ ಪುಸ್ತಕ ಸೇರಿತು. ಮುಂದೆ ಈ ಪೈಪೋಟಿಯಲ್ಲಿ ಜನರ ಕಿವಿ ಕೆಟ್ಟೀತೆಂದು ಪುಸ್ತಕದವರು ಆ ದಾಖಲೆಯನ್ನೇ ಕೈಬಿಟ್ಟರು.

ಆದರೆ ಸ್ಪೀಕರುಗಳನ್ನು ಎಣಿಸುವುದನ್ನು ಬಿಟ್ಟಿರಲಿಲ್ಲ. 1988ರ ಆಗಸ್ಟ್ 20, ಇಂಗ್ಲೆಂಡಿನ ಕಾಸಲ್ ಡೋನಿಂಗ್ಟನ್, ‘ಮಾನ್ಸ್‌ಟರ್ಸ್ ಆಫ್ ರಾಕ್’ ಉತ್ಸವ. 360 ಸ್ಪೀಕರ್ ಪೆಟ್ಟಿಗೆ. ಒಟ್ಟು ಸಾಮರ್ಥ್ಯ 523 ಕಿಲೋವ್ಯಾಟ್. ಜೋಡಿಸಲಿಕ್ಕೇ ಐದು ದಿನ ಹಿಡಿಯಿತು. ರೈತರ ಭಾಷೆಯಲ್ಲಿ ಹೇಳುವುದಾದರೆ ಐದು ಎಚ್‌ಪಿಯ 140 ಪಂಪ್‌ಸೆಟ್ಟುಗಳನ್ನು ಒಟ್ಟಿಗೆ ಸ್ವಿಚ್ ಹಾಕಿದಷ್ಟು ಶಕ್ತಿ, ಅದೂ ನೀರೆತ್ತಲು ಅಲ್ಲ, ಗಿಟಾರ್ ಕೇಳಿಸಲು. ಐರನ್ ಮೇಡನ್ ನುಡಿಸುವಾಗ ಮೈದಾನದ ನಡುವಿನ ಮಿಕ್ಸಿಂಗ್ ಗೋಪುರದಲ್ಲಿ ಅಳೆದ ಸದ್ದು 124 ಡೆಸಿಬೆಲ್ ಮುಟ್ಟಿತು. ಡೆಸಿಬೆಲ್ಲಿನ ಲೆಕ್ಕ ಮೋಸದ್ದು, ಹತ್ತು ಏರಿದರೆ ಶಕ್ತಿ ಹತ್ತು ಪಟ್ಟು ಏರಿರುತ್ತದೆ. ಇಬ್ಬರು ಎದುರುಬದುರು ಕೂತು ಮಾತಾಡುವ ಸದ್ದು 60. ಅಲ್ಲಿಂದ 124ಕ್ಕೆ ಶಕ್ತಿ ಏರುವುದು ಸುಮಾರು 25 ಲಕ್ಷ ಪಟ್ಟು. ನಿಮ್ಮೆದುರು ಕೂತು ಹರಟುವ ಒಬ್ಬ ಗೆಳೆಯನ ಜಾಗದಲ್ಲಿ 25 ಲಕ್ಷ ಗೆಳೆಯರು ಒಟ್ಟಿಗೆ ಬಾಯಿ ತೆರೆದಂತೆ.

ಆ ದಿನ ಮೈದಾನದಲ್ಲಿದ್ದವರು 1,07,000 ಜನ. ಗನ್ಸ್ ಅಂಡ್ ರೋಸಸ್ ನುಡಿಸುತ್ತಿದ್ದಾಗ ಮುಂದಿನ ಸಾಲುಗಳಲ್ಲಿ ನೂಕುನುಗ್ಗಲಾಗಿ ಇಬ್ಬರು ಹುಡುಗರು ಕೆಸರಿನಲ್ಲಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಇಷ್ಟು ದೊಡ್ಡ ಅಂಕಿಗಳ ನಡುವೆ ಆ ಎರಡು ಎನ್ನುವ ಅಂಕಿಯನ್ನು ಯಾವುದಕ್ಕೂ ಹೋಲಿಸಲು ಮನಸ್ಸು ಬಾರದು. ಮರುವರ್ಷ ಉತ್ಸವ ನಡೆಯಲಿಲ್ಲ. 1990ರಲ್ಲಿ ಮತ್ತೆ ನಡೆದಾಗ 72,500ಕ್ಕಿಂತ ಒಬ್ಬರನ್ನೂ ಹೆಚ್ಚು ಬಿಡಬಾರದೆಂದು ನಿಯಮವಾಗಿತ್ತು.

ವೇದಿಕೆಗಳೂ ಬೆಳೆದವು, ಕೆಲವೊಮ್ಮೆ ಯಾರೂ ಕೇಳದೆಯೇ. 1983ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡಕ್ಕೆ ಇಂಗ್ಲೆಂಡಿನ ಪುರಾತನ ಸ್ಟೋನ್‌ಹೆಂಜ್ ಕಲ್ಲುಗಳ ಪ್ರತಿಕೃತಿ ವೇದಿಕೆಯ ಮೇಲೆ ಬೇಕೆನಿಸಿತು. ತಂಡದವರೇ ಹೇಳಿಕೊಂಡು ನಗುವ ಕಥೆ ಇದು. ಅಳತೆಯ ಚೀಟಿಯಲ್ಲಿ 15 ಎಂದಷ್ಟೇ ಬರೆದಿತ್ತಂತೆ, ಬರೆದವರ ಮನಸ್ಸಿನಲ್ಲಿ ಅಡಿ, ಕಟ್ಟಿದವರ ಮನಸ್ಸಿನಲ್ಲಿ ಮೀಟರ್. ಎತ್ತರ ಮೂರು ಪಟ್ಟಿಗೂ ಜಾಸ್ತಿ ಆಯಿತು. ಉದ್ದ ಅಗಲಗಳೂ ಅದೇ ಪ್ರಮಾಣದಲ್ಲಿ ಬೆಳೆದರೆ ಗಾತ್ರ 35 ಪಟ್ಟು! ಅಸಲಿ ಸ್ಟೋನ್‌ಹೆಂಜ್‌ನ ಅತಿ ಎತ್ತರದ ಕಲ್ಲುಗಳೇ ಏಳು ಮೀಟರ್ ಆಸುಪಾಸು. ನಕಲು ಅಸಲಿಯ ಎರಡರಷ್ಟು. ಶ್ರವಣಬೆಳಗೊಳದ ಗೊಮ್ಮಟನ ಎದೆಮಟ್ಟ ದಾಟುವ ಬಂಡೆಗಳನ್ನು ಯಾವ ಸಭಾಂಗಣದ ಸೂರಿನಡಿ ನಿಲ್ಲಿಸುವುದು? ಬಹುತೇಕ ಕಡೆ ಪೂರ್ತಿ ಬಿಚ್ಚಲೇ ಆಗಲಿಲ್ಲ. ಸ್ಪೈನಲ್ ಟ್ಯಾಪ್ ಸಿನಿಮಾದಲ್ಲೂ ಒಂದು ಸ್ಟೋನ್‌ಹೆಂಜ್ ಬರುತ್ತದೆ, ಅಲ್ಲಿ ತಪ್ಪು ತಿರುಗುಮುರುಗು. 18 ಅಡಿಯ ಬದಲು 18 ಇಂಚು.

ವ್ಯಾನ್ ಹ್ಯಾಲೆನ್ ತಂಡದ ಲಾರಿಗಳ ವಿಷಯವೂ ಹೀಗೆಯೇ. ಬೇರೆ ತಂಡಗಳು ಹೆಚ್ಚೆಂದರೆ ಮೂರು ಲಾರಿ ಸಾಮಾನು ತರುತ್ತಿದ್ದ ಊರುಗಳಿಗೆ ತಾವು ಒಂಬತ್ತು ಲಾರಿ ತರುತ್ತಿದ್ದೆವು ಎಂದು ಗಾಯಕ ಡೇವಿಡ್ ಲೀ ರಾತ್ ಬರೆದುಕೊಂಡಿದ್ದಾರೆ. ಲಾರಿ ಲಾರಿ ಕಬ್ಬಿಣ, ದೀಪ, ಸ್ಪೀಕರ್. ನೆಲ ತಡೆಯುತ್ತದೆಯೋ, ಕರೆಂಟು ಸಾಕಾಗುತ್ತದೆಯೋ ಎಂಬುದೆಲ್ಲ ದಪ್ಪನೆಯ ಕರಾರುಪತ್ರದಲ್ಲಿರುತ್ತಿತ್ತು. ಅದನ್ನು ಓದಿದ್ದಾರೋ ಇಲ್ಲವೋ ತಿಳಿಯಲು ನಡುವೆ ಒಂದು ಸಾಲು: ಒಂದು ಬಟ್ಟಲು ಎಂ ಅಂಡ್ ಎಂ ಮಿಠಾಯಿ ಇಡಬೇಕು, ಆದರೆ ಕಂದು ಬಣ್ಣದ ಒಂದೂ ಇರಕೂಡದು. ಬಟ್ಟಲಲ್ಲಿ ಒಂದು ಕಂದು ಮಿಠಾಯಿ ಕಂಡರೂ ವೇದಿಕೆಯ ಅಷ್ಟೂ ಕಬ್ಬಿಣವನ್ನು ಮತ್ತೆ ತಪಾಸಣೆ ಮಾಡಿಸುತ್ತಿದ್ದೆವು ಎನ್ನುವುದು ರಾತ್ ಕೊಡುವ ವಿವರಣೆ. ಒಂದು ಗ್ರಾಮಿನಷ್ಟೂ ಇಲ್ಲದ ಮಿಠಾಯಿ ಒಂಬತ್ತು ಲಾರಿ ಸಾಮಾನಿಗೆ ಕಾವಲು.

ಇದೇ ತಂಡ 1983ರ ಮೇ 29ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೊದಲ್ಲಿ ನುಡಿಸಿತು. ಆ್ಯಪಲ್ ಕಂಪ್ಯೂಟರಿನ ಸ್ಟೀವ್ ವಾಜ್ನಿಯಾಕ್ ಕೈಯಿಂದ ದುಡ್ಡು ಸುರಿದು ನಡೆಸಿದ ‘ಅಸ್ ಫೆಸ್ಟಿವಲ್’. ಆ ಭಾನುವಾರ ಮೆಟಲ್‌ಗೇ ಮೀಸಲು. ಮೊದಲು ಗೊತ್ತಾದ ಸಂಭಾವನೆ 10 ಲಕ್ಷ ಡಾಲರ್. ಮರುದಿನ ಹಾಡಲಿದ್ದ ಡೇವಿಡ್ ಬೋವಿಗೆ 15 ಲಕ್ಷ ಒಪ್ಪಿಕೊಂಡರು. ಬೇರೆ ಯಾರಿಗೂ ನಮಗಿಂತ ಹೆಚ್ಚು ಕೊಡುವಂತಿಲ್ಲ ಎಂದು ವ್ಯಾನ್ ಹ್ಯಾಲೆನ್ ಕರಾರಿನಲ್ಲಿತ್ತು. ಕೂತಲ್ಲೇ ಐದು ಲಕ್ಷ ಏರಿತು! ಒಂದೂವರೆ ಗಂಟೆ ನುಡಿಸಿದರು ಎಂದಿಟ್ಟುಕೊಂಡರೆ ನಿಮಿಷಕ್ಕೆ 16,000 ಡಾಲರಿಗೂ ಮೇಲೆ. ಸಾಧಾರಣ ಅಮೆರಿಕನ್ ಮನೆಯೊಂದರ ಇಡೀ ವರ್ಷದ ಆದಾಯ ಆಗ 20,000 ಡಾಲರ್ ಆಸುಪಾಸು. ಒಂದೂಕಾಲು ನಿಮಿಷಕ್ಕೊಂದು ಮನೆಯ ವರ್ಷದ ದುಡಿಮೆ. ಆ ದಿನ ಸೇರಿದ್ದ ಜನ 3,75,000 ಎಂದು ಅಂದಾಜು. ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರೆ ಬೆಂಗಳೂರಿನಿಂದ ಹೊರಟ ಸಾಲು ಬೆಳಗಾವಿ ದಾಟುತ್ತಿತ್ತು. ವಾಜ್ನಿಯಾಕ್ ಅವರಿಗೆ ಕೋಟಿಗಟ್ಟಲೆ ಡಾಲರ್ ನಷ್ಟ.

ದುಡ್ಡು ಒಂದು ದಿನದ್ದು. ತಿರುಗಾಟ ನೋಡಿ. ಐರನ್ ಮೇಡನ್ 1984ರ ಆಗಸ್ಟ್ 9ರಂದು ಪೋಲೆಂಡಿನ ವಾರ್ಸಾದಲ್ಲಿ ಶುರುಮಾಡಿದ ಪ್ರವಾಸ ಮುಗಿದದ್ದು 1985ರ ಜುಲೈ 5ರಂದು ಕ್ಯಾಲಿಫೋರ್ನಿಯಾದಲ್ಲಿ. 331 ದಿನ, 187 ಪ್ರದರ್ಶನ. ಹನ್ನೊಂದು ತಿಂಗಳ ಕಾಲ 42 ಗಂಟೆಗೊಂದು ಕಛೇರಿ, ಹಬ್ಬ ಹರಿದಿನ, ವಿಮಾನ, ಶೀತ ಜ್ವರ ಎಲ್ಲ ಸೇರಿ. ವೇದಿಕೆಯ ತುಂಬ ಈಜಿಪ್ಟಿನ ದೇವಾಲಯ, ಹಿಂದಿನಿಂದ ಏಳುವ 30 ಅಡಿಯ ಮಮ್ಮಿ, ಅದರ ಕಣ್ಣಿಂದ ಬೆಂಕಿ. ಇಷ್ಟನ್ನೂ ಸಾಮಾನು ಕಟ್ಟಿಕೊಂಡು ಮೊದಲು ಹೋದದ್ದು ರಾಕ್ ತಂಡಗಳು ಸುಳಿಯಲು ಹಿಂಜರಿಯುತ್ತಿದ್ದ ಕಮ್ಯುನಿಸ್ಟ್ ದೇಶಗಳಿಗೆ. ಆ ಹದಿಮೂರೂವರೆ ನಿಮಿಷದ ನಾವಿಕನ ಹಾಡೊಂದನ್ನೇ 187 ರಾತ್ರಿಯೂ ನುಡಿಸಿದ್ದಾರೆಂದು ಲೆಕ್ಕ ಹಿಡಿದರೆ ಅದೇ 42 ಗಂಟೆ.

ಆ ಹಾಡುಗಳು ಭಾರತಕ್ಕೆ ಬರಲು ಮಾತ್ರ ಯಾವ ಅವಸರವನ್ನೂ ತೋರಲಿಲ್ಲ. ಐರನ್ ಮೇಡನ್ ಮೊದಲ ಬಾರಿ ಭಾರತದಲ್ಲಿ ನುಡಿಸಿದ್ದು 2007ರ ಮಾರ್ಚ್ 17ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ. ‘ಪವರ್‌ಸ್ಲೇವ್’ ಎಂಬ, ಆ ನಾವಿಕನ ಹಾಡಿದ್ದ ಆಲ್ಬಂ ಬಂದು ಆಗಲೇ ಇಪ್ಪತ್ತೆರಡೂವರೆ ವರ್ಷ. 1984ರಲ್ಲಿ ಪಿಯುಸಿ ಓದುತ್ತ ಕ್ಯಾಸೆಟ್ ಸವೆಸಿದವನು ನಲವತ್ತರ ಹೊಟ್ಟೆ ಹೊತ್ತು ಮಗನ ಜೊತೆ ಬರುವಷ್ಟು ಕಾಲ. ಮರುವರ್ಷ ಅವರು ಎಂಬತ್ತರ ದಶಕದ ಹಾಡುಗಳನ್ನೇ ಹೊತ್ತು, ಬೋಯಿಂಗ್ 757 ವಿಮಾನಕ್ಕೆ ತಮ್ಮ ಹೆಸರು ಬರೆಸಿ, ಗಾಯಕ ಬ್ರೂಸ್ ಡಿಕಿನ್ಸನ್ ಅವರನ್ನೇ ಪೈಲಟ್ ಸೀಟಿನಲ್ಲಿ ಕೂರಿಸಿ ಹೊರಟರು. ಮೊದಲ ಪ್ರದರ್ಶನ ಮುಂಬೈಯಲ್ಲಿ, 2008ರ ಫೆಬ್ರವರಿ 1. 45 ದಿನದಲ್ಲಿ ಹಾರಿದ್ದು ಸುಮಾರು 80,000 ಕಿ.ಮೀ., ಭೂಮಿಗೆ ಎರಡು ಸುತ್ತು. ಹೊಟ್ಟೆಯಲ್ಲಿ 12 ಟನ್ ಸಾಮಾನು. ಹಗಲು ವಿಮಾನ ಓಡಿಸಿ ರಾತ್ರಿ ಕಿರುಚುವ ಗಾಯಕ ಎರಡು ಕೆಲಸಕ್ಕೂ ಎರಡು ಸಂಬಳ ಪಡೆದರೋ ಎಂದು ನನಗೊಂದು ಕುತೂಹಲ. 2009ರ ಫೆಬ್ರವರಿಯಲ್ಲಿ ಅದೇ ಪ್ರವಾಸ ಬೆಂಗಳೂರಿಗೂ ಬಂತು. 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಮೆಟಾಲಿಕಾ ಬಂದಾಗ ಅವರ ಮೊದಲ ಆಲ್ಬಮ್ಮಿಗೆ 28 ವರ್ಷ ತುಂಬಿತ್ತು.

ಇನ್ನು ಉಳಿದದ್ದು ತಲೆ ಎಣಿಕೆ. 1985ರ ಜನವರಿ 11ರಿಂದ 20ರವರೆಗೆ ಬ್ರೆಜಿಲಿನಲ್ಲಿ ‘ರಾಕ್ ಇನ್ ರಿಯೊ’. ನಮ್ಮ ದಸರೆಯಷ್ಟೇ, ಹತ್ತು ದಿನ. ಮೇಡನ್, ಎಸಿ/ಡಿಸಿ, ಸ್ಕಾರ್ಪಿಯನ್ಸ್, ವೈಟ್‌ಸ್ನೇಕ್, ಆಜಿ ಆಸ್ಬರ್ನ್ ಎಲ್ಲರೂ ಅಲ್ಲಿದ್ದರು, ಮೆಟಲ್‌ಗೆ ಸೇರದ ಕ್ವೀನ್ ಮುಂತಾದವರೂ ಇದ್ದರು. ಹತ್ತು ದಿನಕ್ಕೆ ಬಂದವರು 13,80,000. 2011ರ ಜನಗಣತಿಯ ಪ್ರಕಾರ ಮೈಸೂರು ನಗರದ ಅಷ್ಟೂ ಜನರನ್ನು, ಮಂಗಳೂರು ನಗರದ ಅಷ್ಟೂ ಜನರನ್ನು, ತೊಟ್ಟಿಲ ಮಕ್ಕಳಿಂದ ಮುದುಕರವರೆಗೆ ಒಂದೇ ಮೈದಾನಕ್ಕೆ ತಂದು ಬಿಟ್ಟರೆ ಹೆಚ್ಚೂಕಮ್ಮಿ ಅಷ್ಟಾಗುತ್ತದೆ.

1988ರಲ್ಲಿ ಜರ್ಮನಿಯ ಸ್ಕಾರ್ಪಿಯನ್ಸ್ ತಂಡ ಸೋವಿಯತ್ ಒಕ್ಕೂಟದ ಲೆನಿನ್‌ಗ್ರಾಡಿನಲ್ಲಿ ನುಡಿಸಿತು. ಒಂದೇ ಊರಲ್ಲಿ ಹತ್ತು ಪ್ರದರ್ಶನ, ಮೂರೂವರೆ ಲಕ್ಷ ಜನ. ಮರುವರ್ಷ ಆಗಸ್ಟ್ 12 ಮತ್ತು 13ರಂದು ಮಾಸ್ಕೋದ ಲೆನಿನ್ ಕ್ರೀಡಾಂಗಣದಲ್ಲೇ ಆಜಿ, ಮಾಟ್ಲಿ ಕ್ರೂ, ಬಾನ್ ಜೋವಿ, ಸ್ಕಾರ್ಪಿಯನ್ಸ್. ಲಕ್ಷದ ಜನಜಂಗುಳಿ. ಅದನ್ನು ಕಂಡು ಬಂದ ಸ್ಕಾರ್ಪಿಯನ್ಸ್ ಗಾಯಕ ಕ್ಲಾಸ್ ಮೈನೆ ಬರೆದ ‘ವಿಂಡ್ ಆಫ್ ಚೇಂಜ್’ ಸಿಂಗಲ್ ಸುಮಾರು 1 ಕೋಟಿ 40 ಲಕ್ಷ ಪ್ರತಿ ಖರ್ಚಾಯಿತು.

ದಶಕ ಮುಗಿದರೂ ಅದರ ಬಡ್ಡಿ ಬೆಳೆಯುತ್ತಲೇ ಇತ್ತು. 1991ರ ಸೆಪ್ಟೆಂಬರ್ 28, ಮಾಸ್ಕೋದ ಟುಶಿನೊ ವಿಮಾನ ಮೈದಾನ. ಬೀದಿಗೆ ಟ್ಯಾಂಕುಗಳು ಇಳಿದು ಗೋರ್ಬಚೆವ್ ವಿರುದ್ಧದ ದಂಗೆ ಮುರಿದುಬಿದ್ದು ಇನ್ನೂ ನಲವತ್ತು ದಿನವೂ ಆಗಿರಲಿಲ್ಲ, ಸೋವಿಯತ್ ಒಕ್ಕೂಟಕ್ಕೆ ಇನ್ನು ಮೂರೇ ತಿಂಗಳ ಆಯಸ್ಸು. ಎಸಿ/ಡಿಸಿ, ಮೆಟಾಲಿಕಾ, ಪ್ಯಾಂಟೆರಾ. ಪ್ರವೇಶ ಉಚಿತ. ಟಿಕೆಟ್ಟೇ ಇಲ್ಲವೆಂದ ಮೇಲೆ ತುಂಡು ಚೀಟಿ ಎಣಿಸುವ ದಾರಿಯೂ ಇಲ್ಲ. ಐದು ಲಕ್ಷ ಎನ್ನುವವರಿದ್ದಾರೆ, 16 ಲಕ್ಷ ಎನ್ನುವವರೂ ಇದ್ದಾರೆ. ಎರಡು ಅಂದಾಜುಗಳ ನಡುವಿನ ಅಂತರವೇ 11 ಲಕ್ಷ. ಆ 1,07,000 ಜನರ ಡೋನಿಂಗ್ಟನ್ ಮೈದಾನಗಳು ಬರಿಯ ಅಂತರದೊಳಗೇ ಹತ್ತು ಹಿಡಿಸುತ್ತವೆ.